ಒಲೆಯ ಮುಯ್ಯಿ

ನಾನು ಸ್ತ್ರೀವಾದ ಓದಿದ್ದು ಚೆಂಡುಹೂವಿನ ಹೊಲದಲ್ಲಿ. ಹೀಗಂದರೆ ಕೇಳಿದವರು ನಾನೇನೋ ದೊಡ್ಡ ಮಾತು ಆಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ದೊಡ್ಡ ಮಾತೂ ಇಲ್ಲ, ಸಣ್ಣ ಮಾತೂ ಇಲ್ಲ. ಓದುವುದಕ್ಕೆ ಬೇರೆ ಹೊತ್ತು ಸಿಗುತ್ತಿರಲಿಲ್ಲ, ಅಷ್ಟೇ. ಓಣಂ ಹತ್ತಿರ ಬಂತೆಂದರೆ ಗುಂಡ್ಲುಪೇಟೆ ಸೀಮೆಯಲ್ಲಿ ಹೂವಿಗೆ ಬೆಲೆ ಬರುತ್ತದೆ. ಕೇರಳದ ಲಾರಿಗಳು ಹಂಗಳದ ರಸ್ತೆ ಬದಿಗೇ ಬಂದು ನಿಲ್ಲುತ್ತವೆ. ಮನೆಯಲ್ಲಿ ಕೈಕಾಲು ಗಟ್ಟಿ ಇದ್ದವರೆಲ್ಲ ಹೊಲದಲ್ಲಿರಬೇಕು. ನಾನು ಬಿ.ಎ. ಮುಗಿಸಿ, ಅಂಚೆ ಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ. ಕಟ್ಟಿದ್ದೆ. ಪಾಠದ ಹಾಳೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೂ ಬಿಡಿಸುತ್ತಿದ್ದೆ. ಒಂದು ಸಾಲು ಹೂ, ಒಂದು ಪ್ಯಾರಾ ಓದು. ಬೆರಳಿನ ಹಳದಿ ಅಂಟಿ ಅಂಟಿ ಹಾಳೆಗಳೆಲ್ಲ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳಂತೆ ಕಾಣುತ್ತಿದ್ದವು.

ಲಗ್ನಪತ್ರಿಕೆ ಅಂದಮೇಲೆ ಆ ವಿಷಯವನ್ನೂ ಹೇಳಿಬಿಡಬೇಕು. ಪುಣಜನೂರಿನ ಕಡೆಯಿಂದ ಒಂದು ಗಂಡು ಬಂದು ನೋಡಿಕೊಂಡು ಹೋಗಿತ್ತು. ಅವರಿಗೆ ನಾನು ಒಪ್ಪಿಗೆಯಾಗಿದ್ದೆ. ನನಗೆ ಅವರು ಒಪ್ಪಿಗೆಯೇ ಅಂತ ಯಾರೂ ಕೇಳಿರಲಿಲ್ಲ. ಅಪ್ಪ ಕೆಟ್ಟವನಲ್ಲ, ಆದರೆ ಅವನದು ಒಂದೇ ತಕ್ಕಡಿ. "ಎಲ್ಲಾ ಪತ್ರಿಕೇನೂ ಬರದ್ರೆ ಮುಂದಿನ ವರ್ಸಕ್ಕೂ ಫೀಜು ಕಟ್ತೀನಿ. ಒಂದು ಬುಟ್ರೂ ಕಾರ್ತೀಕದಲ್ಲಿ ಮದ್ವೆ," ಅಂದಿದ್ದ. ಮಿಕ್ಕೆಲ್ಲ ಪತ್ರಿಕೆಗಳನ್ನು ಬರೆದು ಮುಗಿಸಿದ್ದೆ. ಉಳಿದಿದ್ದು ಕೊನೆಯದು, ಮಹಿಳಾ ಅಧ್ಯಯನ. ಪರೀಕ್ಷೆ ಚಾಮರಾಜನಗರದಲ್ಲಿ. ಅದೊಂದನ್ನು ಬರೆದುಬಿಟ್ಟರೆ ನಾನು ಗೆದ್ದ ಹಾಗೆ.

ಹೂವಿನ ಕಾಲದಲ್ಲಿ ನಮ್ಮ ಬೀದಿಯ ಆರು ಮನೆಗಳ ಹೆಂಗಸರು ಮುಯ್ಯಾಳಾಗಿ ದುಡಿಯುತ್ತಿದ್ದೆವು. ಇವತ್ತು ನಾವೆಲ್ಲ ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನಮ್ಮ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ದುಡಿಮೆಗೆ ದುಡಿಮೆಯೇ ಸಾಟಿ. ಮುಯ್ಯಿ ತಪ್ಪಿಸಿದ ಮನೆಗೆ ಬೀದಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಮನೆಯಲ್ಲಿ ಒಬ್ಬರಿಗೆ ಮೈ ಸರಿ ಇಲ್ಲದಿದ್ದರೆ ಇನ್ನೊಬ್ಬರು ಹೋಗಿ ತೀರಿಸಬೇಕು. ಈ ವಿಷಯದಲ್ಲಿ ಅಪ್ಪನಷ್ಟು ಕಟ್ಟುನಿಟ್ಟಿನ ಮನುಷ್ಯ ಹಂಗಳದಲ್ಲೇ ಇರಲಿಲ್ಲ. "ಮುಯ್ಯಿ ಉಳಿಸ್ಕಂಡು ಸತ್ತೋನು ಎತ್ತಾಗಿ ಉಟ್ತಾನೆ," ಅನ್ನುವುದು ಅವನ ಮಾತು. ಎತ್ತುಗಳ ಮುಂದೆಯೇ ಅದನ್ನು ಹೇಳುತ್ತಿದ್ದ.

ಮೊದಮೊದಲು ನಾನು ಹಾಳೆಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ನಮ್ಮ ದೊಡ್ಡವ್ವನಿಗೆ ಅದು ಸರಿಬರಲಿಲ್ಲ. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ, ಪಕ್ಕದ ಮನೆ. ದೊಡ್ಡಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ಬಾಯಿ ಮೂರನ್ನೂ ಒಬ್ಬಳೇ ಜೋರಾಗಿ ನಡೆಸುತ್ತಿದ್ದವಳು.

"ಅದೇನ್ ಒಬ್ಳೇ ನುಂಗ್ತಾ ಇದ್ದೀಯಮ್ಮಿ? ನಮ್ಗೂ ವಸಿ ಕೊಡು," ಅಂದಳು.

ಆವತ್ತು ಕೈಯಲ್ಲಿದ್ದ ಪಾಠದ ಹೆಸರು ತೀವ್ರವಾದಿ ಸ್ತ್ರೀವಾದ. ಅದನ್ನು ಗಟ್ಟಿಯಾಗಿ ಓದಿದೆ. ಬಿಡಿಸುತ್ತಿದ್ದ ಕೈಗಳು ನಿಂತವು. ಕಾಡುಗಳ್ಳನನ್ನು ಹುಡುಕಿಕೊಂಡು ಕಾಡಿನ ಅಂಚಿನ ನಮ್ಮೂರುಗಳಿಗೆ ಪೊಲೀಸ್ ಜೀಪುಗಳು ಬಂದು ಹೋಗುತ್ತಿದ್ದ ಕಾಲ ಆಗಷ್ಟೇ ಮುಗಿದಿತ್ತು. ದೊಡ್ಡವ್ವ ರಸ್ತೆಯ ಕಡೆ ನೋಡಿ, "ಮೆಲ್ಗೆ ಓದು ಕಣಮ್ಮಿ. ತೀವ್ರವಾದಿ ಗೀವ್ರವಾದಿ ಅಂತ ಪೊಲೀಸ್ನೋರ ಕಿವಿಗೆ ಬಿದ್ರೆ ಹೂವಿನ ಮೂಟೇನೂ ಬಿಚ್ಚಿ ನೋಡ್ತಾರೆ," ಅಂದಳು.

ನಾನು ನಗು ತಡೆದುಕೊಂಡು ಬಿಡಿಸಿ ಹೇಳಿದೆ. ಇದು ಬಂದೂಕಿನ ತೀವ್ರ ಅಲ್ಲ. ಇಂಗ್ಲಿಷಿನವರು ಇದಕ್ಕೆ ಇಟ್ಟ ಹೆಸರಿನಲ್ಲಿ ಬೇರು ಅನ್ನುವ ಅರ್ಥವಿದೆ. ಹೆಣ್ಣಿನ ಕಷ್ಟವನ್ನು ಮೇಲೆ ಮೇಲೆ ಕತ್ತರಿಸಿದರೆ ಸಾಲದು, ಬೇರು ಎಲ್ಲಿದೆ ನೋಡಿ ಕೀಳಬೇಕು ಅನ್ನುವವರು ಇವರು.

"ಅಂಗ್ ಯೋಳು ಮತ್ತೆ. ಗರಿಕೆ ಕೀಳೋರು," ಅಂದು ದೊಡ್ಡವ್ವ ಮತ್ತೆ ಹೂವಿಗೆ ಕೈ ಹಾಕಿದಳು.

ಅಲ್ಲಿಂದ ಶುರುವಾಯಿತು ನಮ್ಮ ತರಗತಿ. ಎಂಥ ತರಗತಿ ಅಂತೀರಿ! ಮೇಷ್ಟ್ರಿಗಿಂತ ವಿದ್ಯಾರ್ಥಿಗಳ ಬಾಯೇ ದೊಡ್ಡದು. ಉದಾರವಾದಿ ಸ್ತ್ರೀವಾದ ಅಂದರೆ ಏನೆಂದು ಹೇಳಿದೆ. ಕಾನೂನು ಸರಿಮಾಡಿ, ಹೆಣ್ಣಿಗೆ ಓದು ಕೊಡಿ, ಓಟು ಕೊಡಿ, ಕೆಲಸದಲ್ಲಿ ಸಮಪಾಲು ಕೊಡಿ, ಆಮೇಲೆ ಅವಳ ದಾರಿ ಅವಳು ನೋಡಿಕೊಳ್ಳುತ್ತಾಳೆ ಅನ್ನುವವರು ಅವರು. ವ್ಯವಸ್ಥೆ ಇರಲಿ, ಅದರೊಳಗೆ ನಮಗೂ ಒಂದು ಕುರ್ಚಿ ಹಾಕಿ ಅನ್ನುತ್ತಾರೆ. ನಮ್ಮ ಬೀದಿಯ ಮೆಂಬರಕ್ಕನಿಗೆ ಇದು ಬಹಳ ಹಿಡಿಸಿತು. ಮಹಿಳಾ ಮೀಸಲಾತಿಯಲ್ಲಿ ಗ್ರಾಮ ಪಂಚಾಯಿತಿಗೆ ಗೆದ್ದವಳು ಅವಳು. "ನಂದು ಅದೇ ಪಾರ್ಟಿ," ಅಂದಳು.

"ನಿಂದು ಅದೇ ಪಾರ್ಟಿನೇ. ಮೀಟಿಂಗಿಗೆ ಓಗಾದು ಮಾತ್ರ ನಿನ್ ಗಂಡ," ಅಂದಳು ದೊಡ್ಡವ್ವ.

ಅದು ಊರಿಗೆಲ್ಲ ಗೊತ್ತಿದ್ದದ್ದೇ. ಗಂಡ ಸಭೆಗೆ ಹೋಗುತ್ತಿದ್ದ, ಸಹಿಯ ಪುಸ್ತಕ ಮನೆಗೆ ಬರುತ್ತಿತ್ತು, ಇವಳು ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದಳು. ಊರವರು ಮೆಂಬರು ಅಂತ ಕರೆಯುತ್ತಿದ್ದುದೂ ಅವನನ್ನೇ. ಮೆಂಬರಕ್ಕ ಸಿಟ್ಟಾಗಲಿಲ್ಲ. "ಕಾನೂನು ಬಂದದೆ ಕನವ್ವ. ನಾನು ಇನ್ನೂ ಬಂದಿಲ್ಲ," ಅಂದಳು. ಈ ಮಾತನ್ನು ನಾನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಉದಾರವಾದಿಗಳಿಗೂ ತೀವ್ರವಾದಿಗಳಿಗೂ ಎಲ್ಲಿ ಜಗಳ ಅನ್ನುವುದು ನನಗೆ ಹಾಳೆಯ ಮೂರು ಪುಟಗಳಲ್ಲಿ ತಲೆಗೆ ಹತ್ತದೆ ಇದ್ದದ್ದು ಆಗ ಹತ್ತಿತು. ಕುರ್ಚಿ ಕೊಟ್ಟರೂ ಮನೆಯ ಹೊಸ್ತಿಲು ದಾಟಿ ಕುರ್ಚಿಯವರೆಗೆ ಹೋಗಲು ಬಿಡದ್ದು ಒಂದಿದೆಯಲ್ಲ, ಅದರ ಮಾತು ಮೊದಲು ಆಡಿ ಅನ್ನುತ್ತಾರೆ ತೀವ್ರವಾದಿಗಳು.

ಮಾರ್ಕ್ಸ್‌ವಾದಿ ಸ್ತ್ರೀವಾದದ ಸರದಿ ಬಂದಾಗ ಬೀದಿಯ ಕೊನೆಯ ಮನೆಯವಳು ಹತ್ತಿರದ ಸಾಲಿಗೆ ಬಂದಳು. ಅವಳಿಗೆ ಇದ್ದದ್ದು ತುಂಡು ಹೊಲ, ಅದರ ಜೊತೆಗೆ ಕೂಲಿಗೂ ಹೋಗುತ್ತಿದ್ದಳು. ಆಸ್ತಿ ಉಳ್ಳವರ ಕೈಯಲ್ಲಿರುವ ತನಕ ಹೆಣ್ಣಿನ ದುಡಿಮೆಗೆ ಬೆಲೆಯಿಲ್ಲ, ಒಡೆಯ–ಆಳು ಅನ್ನುವ ವ್ಯವಸ್ಥೆ ಹೋದರೆ ಹೆಣ್ಣಿನ ಭಾರವೂ ಇಳಿಯುತ್ತದೆ ಅನ್ನುತ್ತಾರೆ ಅಂದೆ. ಅವಳ ಮುಖ ಅರಳಿತು. ಒಂದೇ ಕೆಲಸಕ್ಕೆ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಕೊಡುವ ಹೊಲದ ಒಡೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದಳು. ಬೈದು ಮುಗಿಸಿ, "ಆ ಸಾವ್ಕಾರ ಓದ ಅಂತ್ಲೇ ಇಟ್ಕೊ. ಸನಿವಾರ ಸಂದೆ ಕೂಲಿ ಈಸ್ಕಳ್ಳಾಕೆ ಮನೇಲಿ ಒಬ್ಬ ಸಾವ್ಕಾರ ಕುಂತಿರ್ತಾನಲ್ಲ, ಅವನ್ನೇನ್ ಮಾಡ್ತಾರಂತೆ?" ಅಂತ ಕೇಳಿದಳು.

ಇಡೀ ಹೊಲ ನಕ್ಕಿತು. ಅದಕ್ಕೇ ಸಮಾಜವಾದಿ ಸ್ತ್ರೀವಾದಿಗಳು ಎರಡು ನೊಗ ಇವೆ ಅನ್ನುತ್ತಾರೆ, ಒಂದು ದುಡ್ಡಿನದು, ಒಂದು ಗಂಡಸಿನದು, ಎರಡನ್ನೂ ಒಟ್ಟಿಗೆ ಇಳಿಸಬೇಕು ಅಂತ, ಅಂದೆ. ತೀವ್ರವಾದಿಗಳದ್ದು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ. ಗಂಡಸಿನ ಯಜಮಾನಿಕೆಯೇ ಎಲ್ಲಕ್ಕಿಂತ ಹಳೆಯದು ಅನ್ನುತ್ತಾರೆ. ಅದು ಕಾನೂನಿನಿಂದ ಹುಟ್ಟಿದ್ದಲ್ಲ, ದುಡ್ಡಿನಿಂದ ಹುಟ್ಟಿದ್ದೂ ಅಲ್ಲ. ಮನೆಯೊಳಗೆ, ಹಾಸಿಗೆಯಲ್ಲಿ, ಹೆರಿಗೆಯಲ್ಲಿ, ಒಲೆಯ ಮುಂದೆ ಬೇರು ಬಿಟ್ಟದ್ದು. ಸಂಸಾರದ ಮಾತು ಮನೆಯೊಳಗೇ ಇರಲಿ ಅಂತ ಊರು ಹೇಳಿದರೆ, ಆ ಬಾಗಿಲನ್ನೇ ಮೊದಲು ತೆಗೆಯಿರಿ ಅನ್ನುವವರು ಇವರು. ಅವರಲ್ಲಿ ಕೆಲವರಂತೂ ಗಂಡಸರ ಸಹವಾಸವೇ ಬೇಡ, ಹೆಂಗಸರೇ ಬೇರೆ ಇದ್ದುಬಿಡೋಣ ಅಂದವರು.

"ಗಂಡಸ್ರೇ ಬ್ಯಾಡ ಅಂದ್ರೆ ರಾತ್ರೆ ಆನೆ ಕಾಯೋರ್ಯಾರು?" ಅಂದಳು ಮೆಂಬರಕ್ಕ.

"ನಿನ್ ಗಂಡ ಅಟ್ಟಣೆ ಮ್ಯಾಲೆ ಮಲಗೇ ಇರ್ತಾನೆ. ಆನೆ ಓಡಾದು ಅವ್ನ ಗೊರ್ಕೆಗೆ," ಅಂದಳು ದೊಡ್ಡವ್ವ. ಆವತ್ತು ನಕ್ಕು ನಕ್ಕು ಒಂದು ಬುಟ್ಟಿ ಹೂ ಮಗುಚಿಹೋಯಿತು.

ನನಗೆ ಆ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ತೀವ್ರವಾದಿಗಳು ಕೆಲಸ ಮಾಡಿದ ರೀತಿ. ಅವರು ಸಿದ್ಧಾಂತ ಬರೆಯುವ ಮೊದಲು ಹತ್ತಾರು ಹೆಂಗಸರು ಒಂದು ಕೋಣೆಯಲ್ಲಿ ಕೂತು, ಒಬ್ಬೊಬ್ಬರಾಗಿ ತಮ್ಮ ತಮ್ಮ ಬದುಕಿನ ಮಾತು ಆಡುತ್ತಿದ್ದರಂತೆ. ಬೇರೆಯವರು ಬುದ್ಧಿ ಹೇಳುವ ಹಾಗಿಲ್ಲ, ಕೇಳಬೇಕು ಅಷ್ಟೆ. ನನ್ನೊಬ್ಬಳ ಹಣೆಬರಹ ಅಂದುಕೊಂಡಿದ್ದು ಎಲ್ಲರದ್ದೂ ಆಗಿದೆ ಅಂತ ಹಾಗೆ ಗೊತ್ತಾಗುತ್ತಿತ್ತಂತೆ. ನಾವೂ ಮಾಡೋಣ ಅಂದೆ. ನಮ್ಮವರಿಗೆ ಬುದ್ಧಿ ಹೇಳದೆ ಇರುವುದು ಉಸಿರು ಬಿಗಿಹಿಡಿದ ಹಾಗೆ. ಆದರೂ ಒಪ್ಪಿದರು.

ಅವತ್ತು ಯಾರೂ ನಿರೀಕ್ಷಿಸದೆ ಇದ್ದವಳು ಮಾತಾಡಿದಳು, ನಮ್ಮ ಅತ್ತಿಗೆ. ಅಣ್ಣನ ಮದುವೆಯಾಗಿ ಮೂರು ವರ್ಷವಾಗಿತ್ತು. ಅವಳು ಬಾಯಿ ಬಿಟ್ಟಿದ್ದು ಊಟಕ್ಕೆ ಕರೆಯಲು ಮಾತ್ರ. ಅವಳು ತಲೆ ಎತ್ತದೆ, "ನಂಗೆ ಬದ್ನೆಕಾಯಿ ಸೇರಾಕಿಲ್ಲ," ಅಂದಳು.

ಎಲ್ಲರೂ ಅವಳ ಕಡೆ ತಿರುಗಿದೆವು. ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಬದನೆಕಾಯಿ, ಅಪ್ಪನಿಗೂ ಅಣ್ಣನಿಗೂ ಪ್ರಾಣ. ಮೂರು ವರ್ಷ ಅದನ್ನು ಅವಳೇ ಮಾಡಿ, ಅವಳೇ ಬಡಿಸಿ, ಅವಳೂ ತಿಂದಿದ್ದಳು. "ಯೋಳಾದಲ್ವೇನಮ್ಮಿ!" ಅಂತ ದೊಡ್ಡವ್ವ ಬಾಯಿ ತೆಗೆದಳು, ಬುದ್ಧಿ ಹೇಳಬಾರದೆಂಬ ನಿಯಮ ನೆನಪಾಗಿ ಮುಚ್ಚಿಕೊಂಡಳು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲರಿಗೂ ಮಾತು ಬಂತು. ಯಾರ್ಯಾರಿಗೆ ಏನೇನು ಸೇರುವುದಿಲ್ಲ ಅನ್ನುವುದರಿಂದ ಹಿಡಿದು, ಇಲ್ಲಿ ಬರೆಯಲಾಗದ ಮಾತುಗಳವರೆಗೆ. ಮೂಟೆ ತೂಗುವ ಗಂಡಸು ಬದುವಿನ ಮೇಲೆ ಬಂದು ನಿಂತಾಗ ಎಲ್ಲರೂ ಒಟ್ಟಿಗೆ ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮೋಡ ನೋಡಿ ಮಳೆಯ ಮಾತು ಶುರುಮಾಡಿದೆವು. ಹೆಂಗಸರಿಗೆ ಅವರದೇ ಜಾಗ ಬೇಕು ಅಂತ ಅವರು ಯಾಕೆ ಹೇಳುತ್ತಾರೆಂದು ನನಗೆ ಮತ್ತೆ ಓದಬೇಕಾಗಲಿಲ್ಲ.

ಆ ಖುಷಿಯಲ್ಲೇ ನನ್ನ ಬಾಯಿಂದ ಒಂದು ಮಾತು ಬಿತ್ತು. "ಹೂವಿಗೆ ಮುಯ್ಯಾಳು ಇದೆ, ನಾಟಿಗೆ ಇದೆ, ಒಲೆಗೆ ಯಾಕಿಲ್ಲ?" ಆರು ಮನೆಯಲ್ಲಿ ಆರು ಒಲೆ, ಆರು ಹೆಂಗಸರು ಕತ್ತಲಲ್ಲೇ ಎದ್ದು ಅದೇ ಮುದ್ದೆ, ಅದೇ ಹುರುಳಿ ಸಾರು ಕಾಯಿಸಿ, ಓಡಿಬಂದು ಹೂ ಬಿಡಿಸುತ್ತಿದ್ದರು. ದಿನಕ್ಕೊಂದು ಮನೆಯವರು ಎಲ್ಲರಿಗೂ ಅಡುಗೆ ಮಾಡಿದರೆ ಮಿಕ್ಕ ಐದು ಮನೆಯವರಿಗೆ ಬಿಡುವು. ನಾನು ಸುಮ್ಮನೆ ಅಂದದ್ದು. ಅವರು ಹಿಡಿದುಕೊಂಡುಬಿಟ್ಟರು. ಆರೂ ಮನೆ ಒಂದೇ ಜಾತಿಯವು, ಹಾಗಾಗಿ ಒಂದು ಪಾತ್ರೆಯ ಊಟಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಗಂಡಸರಿಗೂ ಬಿಸಿ ಊಟ ದಿನಾ ಬೇರೆ ಬೇರೆ ರುಚಿಯಲ್ಲಿ ಸಿಕ್ಕಿತು, ಮುಯ್ಯಿ ಅನ್ನುವ ಹೆಸರೂ ಇತ್ತು. ಅಪ್ಪನಂತೂ ಒಲೆಗೂ ಮುಯ್ಯಿ ಹಾಕಿದ ಬೀದಿ ನಮ್ಮದು ಅಂತ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ.

ಆ ದಿನಗಳ ಸುಖವನ್ನು ಹೇಗೆ ಹೇಳಲಿ! ಅತ್ತಿಗೆ ಬಿಸಿಲು ಬೀಳುವವರೆಗೆ ಮಲಗಿದ್ದನ್ನು ನಾನು ಮೊದಲ ಸಲ ನೋಡಿದೆ. ದೊಡ್ಡವ್ವ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿದಳು. ಮೆಂಬರಕ್ಕ ಒಂದು ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪಂಚಾಯಿತಿ ಸಭೆಗೆ ತಾನೇ ಹೋಗಿಬಿಟ್ಟಳು. ಗಂಡ ಹಿಂದೆ ಹಿಂದೆ ಹೋದನಂತೆ, ಒಳಗೆ ಅವಳ ಪಾಲಿಗೆ ಒಂದೇ ಕುರ್ಚಿ ಇತ್ತಂತೆ, ಅದರಲ್ಲಿ ಅವಳೇ ಕೂತಳಂತೆ. ಅಡುಗೆಯನ್ನು ಒಟ್ಟು ಮಾಡಿದ್ದನ್ನು ಸಮಾಜವಾದಿಗಳು ತಮ್ಮದು ಅನ್ನುತ್ತಾರೆ, ಬಾಯಿ ಬಿಡಿಸಿದ್ದನ್ನು ತೀವ್ರವಾದಿಗಳು ತಮ್ಮದು ಅನ್ನುತ್ತಾರೆ, ಕುರ್ಚಿಯನ್ನು ಉದಾರವಾದಿಗಳು ಬಿಡುವುದಿಲ್ಲ. ಹಂಚಿಕೊಳ್ಳಲಿ ಬಿಡಿ.

ಆ ವರ್ಷ ಊರೂರಿಗೆ ಚಿಕೂನ್‌ಗುನ್ಯಾ ಬಂದಿತ್ತು. ಪರೀಕ್ಷೆಗೆ ಎರಡು ದಿನ ಇದ್ದಾಗ ಅತ್ತಿಗೆ ಮಲಗಿದಳು. ಕೈಕಾಲಿನ ಕೀಲುಗಳು ಹಿಡಿದುಕೊಂಡು, ಲೋಟ ಎತ್ತಲೂ ಆಗುತ್ತಿರಲಿಲ್ಲ. ಅವ್ವ ಊರಲ್ಲಿರಲಿಲ್ಲ, ಅಕ್ಕನ ಎರಡನೇ ಹೆರಿಗೆಗೆ ಹರದನಹಳ್ಳಿಗೆ ಹೋಗಿದ್ದಳು. ಪರೀಕ್ಷೆಯ ಹಿಂದಿನ ಸಂಜೆ ದೊಡ್ಡವ್ವ ಬಂದು, "ನಾಳಿಕ್ಕೆ ಒಲೆ ನಿಮ್ಮನೇದು, ಗ್ಯಾನ ಅದಾ?" ಅಂತ ಕೇಳಿದಳು. ಒಲೆಯ ಸರದಿ ಮಾಡಿದವಳೇ ನಾನು. ಪರೀಕ್ಷೆ ಮತ್ತು ಒಲೆ ಒಂದೇ ದಿನ ಬೀಳುತ್ತದೆಂದು ನೋಡಿರಲಿಲ್ಲ. ಅತ್ತಿಗೆ ಇದ್ದಾಳಲ್ಲ ಅನ್ನುವ ಧೈರ್ಯ. ಸರದಿ ಬದಲಾಯಿಸೋಣವೆಂದರೆ ಬೇರೆ ಮನೆಗಳಲ್ಲೂ ಒಬ್ಬೊಬ್ಬರು ಮಲಗಿದ್ದರು.

ಅಪ್ಪ ಹಗ್ಗ ಹೊಸೆಯುತ್ತಾ ತಲೆ ಎತ್ತದೆ, "ಮಗ್ಳವ್ಳೆ, ಮಾಡ್ತಾಳೆ ಬುಡು," ಅಂದ.

"ನಾಳೆ ನಂಗೆ ಪರೀಕ್ಷೆ ಅಪ್ಪ. ಬೆಳಿಗ್ಗೆ ಮೊದ್ಲ ಬಸ್ಸಿಗೇ ಹೋಗ್ಬೇಕು."

"ಮಾಡಿಟ್ಟು ಓಗು."

"ಆರು ಮನೆಗೆ ಎರಡೊತ್ತಿನ ಊಟಾನ?"

ಅಪ್ಪ ಹಗ್ಗ ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಿರಲಿಲ್ಲ, ಲೆಕ್ಕ ಹತ್ತಿರಲಿಲ್ಲ ಅಷ್ಟೆ. "ಮುಯ್ಯಿ ತಪ್ಸಾಕಾಯ್ತದಾ? ಪರೀಕ್ಸೆ ಮುಂದಿನ ವರ್ಸನೂ ಬತ್ತದೆ," ಅಂದ.

ನನ್ನ ಕಣ್ಣ ಮುಂದೆ ಕಾರ್ತೀಕ ಬಂದು ನಿಂತಿತು. ಅಳು ಬಂತು, ಅಳುವುದಕ್ಕಿಂತ ಹೆಚ್ಚು ಕೋಪ ಬಂತು. ಹಾಳೆಗಳನ್ನೆಲ್ಲ ಒಲೆಗೆ ಹಾಕಿಬಿಡುತ್ತೇನೆ ಅಂತ ಕೂಗಿದೆ. ಆಗ ದೊಡ್ಡವ್ವ ಜಗಲಿಯ ಮೇಲೆ ನಿಧಾನವಾಗಿ ಕೂತಳು. ಅವಳು ಕೂತರೆ ಜಗಳಕ್ಕೆ ಸಿದ್ಧ ಅಂತಲೇ ಅರ್ಥ.

"ಮುಯ್ಯಿ ಮಗಳ್ದಾ, ಮನೇದಾ?" ಅಂತ ಅಪ್ಪನನ್ನು ಕೇಳಿದಳು.

"ಮನೇದು."

"ನಿಮ್ಮಣ್ಣ ಕಾಲ್ ಮುರ್ಕಂಡ್ ಬಿದ್ದಾಗ ಅವ್ರ ಬದ್ಲು ಯಾರ್ ಓಗಿ ಉತ್ತಿದ್ದು?"

"ನಾನೇ ಓಗಿದ್ದೆ."

"ಈಗ್ಲೂ ಓಗು. ಒಲೆ ಏನ್ ದೂರ ಅದಾ?"

ಅಪ್ಪ ನಗಲು ನೋಡಿದ, ದೊಡ್ಡವ್ವ ನಗಲಿಲ್ಲ. "ಗಂಡಸು ಒಲೆ ಮುಂದೆ ಕುಂತ್ರೆ ಊರು ನಗಾಕಿಲ್ವಾ ಅತ್ಗೆಮ್ಮ?" ಅಂದ.

"ಮದ್ವೆ ಮನೇಲಿ ಸಾವಿರ ಜನಕ್ಕೆ ಬೇಯ್ಸೋರು ಯಾರು? ಗಂಡಸ್ರೇ ಅಲ್ವಾ? ಅವಾಗ ಯಾರೂ ನಗಾಕಿಲ್ಲ."

"ಅದು ಬೇರೆ."

ಅದು ಬೇರೆ. ಅಪ್ಪ ಅಷ್ಟೇ ಅಂದ. ನನಗೆ ಅಳುವ ನಡುವೆಯೇ ನಗು ಬಂತು. ಯಾಕೆ ಬೇರೆ? ಸಾವಿರ ಜನರ ಅಡುಗೆಗೆ ಸೌದೆ ಹೆಚ್ಚು, ಸೌಟು ದೊಡ್ಡದು, ಕೂಲಿ ಉಂಟು, ಮೆಚ್ಚುಗೆ ಉಂಟು, ಆದ್ದರಿಂದ ಅದು ಕಸುಬು. ಮನೆಯ ಅಡುಗೆಗೆ ಯಾವುದೂ ಇಲ್ಲ, ಆದ್ದರಿಂದ ಅದು ಹೆಂಗಸು. ಕೈಗೆ ಬಾರದ ಕೆಲಸ ಅಲ್ಲ ಅದು, ಯಾರದೆಂದು ಮೊದಲೇ ಗೆರೆ ಹಾಕಿಟ್ಟ ಕೆಲಸ. ತೀವ್ರವಾದಿಗಳು ಹುಡುಕುವ ಬೇರು ನಮ್ಮ ಜಗಲಿಯ ಮೇಲೆ, ಎರಡು ಪದದಲ್ಲಿ ಎದ್ದು ಕೂತಿತ್ತು.

ಅಪ್ಪ ಮತ್ತೆ ಹಗ್ಗ ಕೈಗೆತ್ತಿಕೊಂಡ. ಊರಿನ ನಗು ಒಂದು ಕಡೆ, ಮುಯ್ಯಿ ಒಂದು ಕಡೆ. ಕೊನೆಗೆ ಒಳಗೆ ಮಲಗಿದ್ದ ಅಣ್ಣನಿಗೆ ಕೇಳುವ ಹಾಗೆ, "ಏಳ್ಲಾ, ಬೆಳಿಗ್ಗೆಗೆ ಸೌದೆ ಒಡೀಬೇಕು," ಅಂದ.

ಬೆಳಿಗ್ಗೆ ನಾನು ಹೊರಡುವಾಗ ಹಿತ್ತಲಲ್ಲಿ ಹೊಗೆ. ಅಣ್ಣ ಈರುಳ್ಳಿಯ ಮುಂದೆ ಕಣ್ಣೀರಿಡುತ್ತಿದ್ದ. ಅಪ್ಪ ದನಕ್ಕೆ ಬೂಸಾ ಅಳೆಯುವ ಡಬ್ಬದಲ್ಲಿ ಹುರುಳಿ ಅಳೆಯುತ್ತಿದ್ದ. "ಉಪ್ಪೆಷ್ಟು ಅಮ್ಮಿ?" ಅಂತ ಕೂಗಿದ. ಬಸ್ಸಿನ ಹಾರ್ನ್ ಕೇಳಿತು. "ರುಚಿಗೆ ತಕ್ಕಷ್ಟು!" ಅಂತ ಕೂಗಿ ಓಡಿದೆ. ಹಿಂದಿನಿಂದ ಅಪ್ಪ ಬೈದದ್ದು ರಸ್ತೆಯವರೆಗೂ ಕೇಳುತ್ತಿತ್ತು.

ಗುಂಡ್ಲುಪೇಟೆಯಲ್ಲಿ ನನ್ನ ಗೆಳತಿ ಹತ್ತಿದಳು. ಅವಳ ತಂದೆಗೆ ಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ. ಮನೆಯಲ್ಲಿ ಉರ್ದು, ನನ್ನ ಜೊತೆ ನನಗಿಂತ ಚೊಕ್ಕ ಕನ್ನಡ. ಅವಳೂ ಅದೇ ಪರೀಕ್ಷೆ ಬರೆಯುವವಳು. ತೆರಕಣಾಂಬಿ ದಾಟುವವರೆಗೂ ಅಪ್ಪನ ಕಥೆ ಹೇಳಿ ನಗಿಸಿದೆ. ನಕ್ಕು ಮುಗಿಸಿ ಅವಳು ಒಂದು ಪ್ರಶ್ನೆ ಕೇಳಿದಳು. "ನಿಮ್ಮ ತೀವ್ರವಾದಿಗಳು ಎಲ್ಲಾ ಹೆಂಗಸರೂ ಒಂದೇ ವರ್ಗ ಅಂತಾರೆ. ನಿಮ್ಮ ಆರು ಒಲೆ ಜೊತೆ ನಮ್ಮನೆ ಒಲೆ ಸೇರಿಸ್ಕೋತಿದ್ರೇನೇ?"

ನನ್ನ ನಗು ನಿಂತಿತು. ಸೇರಿಸಿಕೊಳ್ಳುತ್ತಿರಲಿಲ್ಲ. ಅವಳ ಮನೆಯನ್ನು ಬಿಡಿ, ನಮ್ಮ ಪಕ್ಕದ ಕೇರಿಯನ್ನೇ ಸೇರಿಸಿರಲಿಲ್ಲ. "ಸುಮ್ನೆ ಕೂತ್ರೆ ಏನ್ ಬಂತು, ಇದನ್ನೇ ಟೀಕೆ ಅಂತ ಬರಿ, ಅಂಕ ಬರುತ್ತೆ," ಅಂತ ಅವಳೇ ನನ್ನ ಬೆನ್ನಿಗೆ ಗುದ್ದಿದಳು. ಬರೆದೆ, ಅಂಕಕ್ಕಾಗಿ ಅಲ್ಲ.

ಪ್ರಶ್ನೆಪತ್ರಿಕೆ ತೆರೆದರೆ ಮೊದಲನೆಯದೇ ಅದು: ತೀವ್ರವಾದಿ ಸ್ತ್ರೀವಾದವು ಇತರ ಸ್ತ್ರೀವಾದಿ ಸಿದ್ಧಾಂತಗಳಿಂದ ಹೇಗೆ ಭಿನ್ನವಾಗಿದೆ? ವಿವರಿಸಿ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ, ಮೇಲ್ವಿಚಾರಕರು ದುರುಗುಟ್ಟಿ ನೋಡಿದರು. ಉದಾರವಾದಕ್ಕೆ ಮೆಂಬರಕ್ಕ ನೆನಪಾದಳು, ವರ್ಗದ ವಾದಕ್ಕೆ ಶನಿವಾರದ ಸಾವ್ಕಾರ, ಸಮಾಜವಾದಕ್ಕೆ ಎರಡು ನೊಗ. ಹೆಸರು ಹಾಕದೆ, ಪುಸ್ತಕದ ಕನ್ನಡದಲ್ಲಿ ಬರೆಯುತ್ತಾ ಹೋದೆ. ಬೇರೆಯವರು ಬೀದಿಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಹುಡುಕಿದ ಅಧಿಕಾರವನ್ನು ಇವರು ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಕಂಡರು. ಹೆಣ್ಣು ಮಾತಾಡಿದ್ದನ್ನೇ ಸಾಕ್ಷಿಯೆಂದು ಹಿಡಿದರು. ಆದರೆ ಎಲ್ಲ ಹೆಣ್ಣುಗಳ ಕಷ್ಟವನ್ನು ಒಂದೇ ಪಾತ್ರೆಗೆ ಸುರಿದಾಗ ಜಾತಿ, ಧರ್ಮ, ಬಡತನ ತಳದಲ್ಲಿ ಸೀದುಹೋದವು. ಕೈ ನೋಯುವವರೆಗೆ ಬರೆದೆ. ಹೊರಗೆ ಬಂದಾಗ ಗೆಳತಿಯೂ ನಾನೂ ಕೈ ಕೈ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಕುಣಿದುಕೊಂಡೇ ಹೋದೆವು ಅಂದರೂ ಸುಳ್ಳಲ್ಲ. ಮುಂದೆ ಅಪ್ಪನೂ ಮಾತಿಗೆ ತಪ್ಪಲಿಲ್ಲ. ಪುಣಜನೂರಿನವರಿಗೆ ಹೇಳಿಕಳಿಸಿದ, ಅವರು ಬೇರೆ ಕಡೆ ನೋಡಿಕೊಂಡರು. ಮುಂದಿನ ವರ್ಷದ ಫೀಜನ್ನೂ ಕಟ್ಟಿದ.

ಪರೀಕ್ಷೆಯ ದಿನ ನಾನು ಊರು ಸೇರಿದಾಗ ಇನ್ನೂ ಬಿಸಿಲಿತ್ತು. ಬೀದಿಯಲ್ಲಿ ದೊಡ್ಡವ್ವನಿಂದ ಹಿಡಿದು ಎಲ್ಲರೂ ನನಗಾಗಿ ಕಾದಿದ್ದರು, ಪರೀಕ್ಷೆ ಹೇಗಾಯಿತೆಂದು ಕೇಳಲು ಅಲ್ಲ, ಊಟ ಹೇಗಿತ್ತೆಂದು ಹೇಳಲು. ಬೆಳಗಿನ ಸಾರಿಗೆ ಉಪ್ಪೇ ಇರಲಿಲ್ಲವಂತೆ. ಅದನ್ನು ಹೇಳಿದ್ದಕ್ಕೆ ಅಪ್ಪ ಮಧ್ಯಾಹ್ನ ಎರಡು ಹೊತ್ತಿನದನ್ನೂ ಸೇರಿಸಿ ಹಾಕಿದನಂತೆ. ಮುದ್ದೆಯಲ್ಲಿ ಗಂಟು ಸಿಕ್ಕಿ, "ಇದೇನ್ ಒಳ್ಗೆ ಹುರುಳಿ ಮಡ್ಗಿದ್ದೀಯ?" ಅಂತ ಮೆಂಬರಕ್ಕ ಕೇಳಿದಳಂತೆ. ನಗುತ್ತಾ ನಗುತ್ತಾ ಎಲ್ಲರೂ ಇನ್ನೊಂದು ಮುದ್ದೆ ಹಾಕಿಸಿಕೊಂಡರಂತೆ. "ಬಡ್ಸಾದ್ರಲ್ಲಿ ಮಾತ್ರ ಕೈ ದೊಡ್ಡದು ಕಣಮ್ಮಿ ನಿಮ್ಮಪ್ಪಂದು," ಅಂದಳು ದೊಡ್ಡವ್ವ.

ಅಪ್ಪ ಹಿತ್ತಲಲ್ಲಿ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದ. ಹುಬ್ಬಿನ ಮೇಲೆಲ್ಲ ಬೂದಿ. "ಬರದ್ಯಾ?" ಅಂದ. ಬರೆದೆ ಅಂದೆ. ಹಸಿವಾಗಿತ್ತು, ಬೆಳಗಿನಿಂದ ಒಂದು ಬನ್ನು ಮತ್ತು ಟೀ ಅಷ್ಟೆ. ಪಾತ್ರೆಯ ಮುಚ್ಚಳ ತೆಗೆದೆ. ತಳ ಕಾಣುತ್ತಿತ್ತು.

"ನಿಂಗೆ ಎತ್ತಿಡಾದ ಮರ್ತೋಯ್ತು ಕಣಮ್ಮಿ," ಅಂದ. "ಕೇಳ್ಕೇಳ್ದೋರ್ಗೆಲ್ಲ ಇಕ್ದೆ, ಕೊನೇಗ್ ನೋಡ್ತೀನಿ, ಏನೂ ಇಲ್ಲ."

"ನೀನು ಉಂಡ್ಯಾ ಅಪ್ಪ?"

"ಎಲ್ಲುಣ್ಲಿ?"

ಇಬ್ಬರೂ ಖಾಲಿ ಪಾತ್ರೆ ನೋಡಿಕೊಂಡು ನಕ್ಕೆವು. ಆಮೇಲೆ ಅಪ್ಪನ ನಗು ಹಾಗೇ ನಿಂತಿತು. ಪಾತ್ರೆಯ ಮೇಲಿನ ಕಣ್ಣು ತೆಗೆಯದೆ, "ಇಂಗಾದಾಗ ನಿಮ್ಮವ್ವ ಏನ್ ಉಣ್ತಿದ್ಲು?" ಅಂತ ಕೇಳಿದ.

"ತಳ ಕೆರ್ಕೊಂಡು ತಿಂತಿದ್ಲು. ಅದೂ ಇಲ್ಲದಿದ್ರೆ ನೀರು ಕುಡಿದು ಮಲಗ್ತಿದ್ಲು."

"ಒಂದಿನನೂ ಯೋಳ್ನಿಲ್ವಲ್ಲ ಅವ್ಳು."

"ನೀನು ಒಂದಿನನೂ ಕೇಳ್ನಿಲ್ವಲ್ಲ ಅಪ್ಪ."

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಎದ್ದು ಪಾತ್ರೆ ತೊಳೆದ, ಬೂದಿ ಕೆದಕಿ ಬೆಂಕಿ ಊದಿದ, ಮತ್ತೆ ಎಸರಿಟ್ಟ. ನಾನು ಮಾಡುತ್ತೇನೆಂದು ಏಳಲು ಹೋದರೆ, "ಕುಂತ್ಕಮ್ಮಿ, ನೀನಿನ್ನೂ ಉಂಡಿಲ್ಲ," ಅಂದ. ಕೂತೆ. ಹೊಗೆಗೋ ಏನೋ ಅವನ ಕಣ್ಣು ಒದ್ದೆಯಾಗಿತ್ತು. ಮುದ್ದೆ ತಿರುವಿ, ಕೈ ಸುಟ್ಟುಕೊಂಡು ಕಟ್ಟಿ, ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿದ.